ನಡುವೆ ಒಂದೂ ಚರೆ ಬೀಳದ ಕಾಗದ

ನನ್ನ ಅಕ್ಷರ ಸೊಟ್ಟ, ಪದಗಳೂ ಅಷ್ಟಕ್ಕಷ್ಟೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಓದುವವರು ಸಹಿಸಿಕೊಳ್ಳಬೇಕು. ಮಾವ ಹೇಳಿದ್ದನ್ನೂ ತೋಟದ ಅಕ್ಕ ಹೇಳಿದ್ದನ್ನೂ ಎರಡೆರಡು ಸಲ ಕೇಳಿ ಬರೆದಿದ್ದೇನೆ. ನನ್ನದೆಂದು ಏನನ್ನೂ ಸೇರಿಸಿಲ್ಲ.

ಮಾವ ನನ್ನ ಅಮ್ಮನ ಅಣ್ಣ. ಮೂವತ್ತು ವರ್ಷದಿಂದ ಕೋವಿ ರಿಪೇರಿ ಅವರ ಕಸುಬು. ಬೀದಿಯವರು ಅವರಿಗೆ ಇಟ್ಟ ಹೆಸರು ಮಿಲಿಮೀಟರ್. ನೆಂಟರ ಮನೆಗೆ ಊಟಕ್ಕೆ ಹೋದರೂ ಸರಿಯಾಗಿ ಮುಚ್ಚದ ಬಾಗಿಲು ಕಂಡರೆ ಸಾಕು, ಎಲೆ ಮುಂದಿನಿಂದಲೇ ಎದ್ದು ಅರದಿಂದ ಉಜ್ಜಿ, ಸರಿಮಾಡಿ ಬರುತ್ತಿದ್ದರಂತೆ. ಅವರ ಅಂಗಡಿ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕ ಲೋಹ ಕಡೆಯುವ ಲೇತ್ ಯಂತ್ರ, ಗೋಡೆಗೆ ಅಳತೆಯ ಉಪಕರಣಗಳು, ಹಿಂದೆ ಒಂದು ಅಂಗಳ. ಅಂಗಳದ ಕೊನೆಗೆ, ಹತ್ತು ಹೆಜ್ಜೆಯಲ್ಲಿ, ಮರಳು ಚೀಲಗಳ ಒಟ್ಟಿಲು. ರಿಪೇರಿಯಾದ ಕೋವಿಯನ್ನು ಅಲ್ಲೇ ಹಾರಿಸಿ ನೋಡುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಅವರ ಗೆಳೆಯ, ಹಣ್ಣಿನ ತೋಟದ ಅಣ್ಣ, ತನ್ನ ಅಪ್ಪನ ಕಾಲದ ರೈಫಲ್ ಹೊತ್ತು ತಂದ. ಒಂದು ಸಲಕ್ಕೆ ಒಂದೇ ಗುಂಡು ತುಂಬುವಂಥದ್ದು. ನಳಿಗೆಯ ಬಾಯಿಗೆ ಹೆಬ್ಬೆರಳ ತುದಿ ಹೋಗುವಷ್ಟು ದೊಡ್ಡದು. ಅದಕ್ಕೆ ಸರಿಹೊಂದುವ ಕಾಡತೂಸು ಈಗ ಎಲ್ಲೂ ಸಿಗುತ್ತಿರಲಿಲ್ಲ. ಹಕ್ಕಿಗಳು ಒಂದು ಹಣ್ಣನ್ನೂ ಉಳಿಸುತ್ತಿಲ್ಲ, ಸೀಸದ ಕಾಳಿನಂಥ ಚರೆ ತುಂಬಿದ ಸಣ್ಣ ಕಾಡತೂಸನ್ನು ಇದರಲ್ಲೇ ಹಾರಿಸುವಂತೆ ಮಾಡಿಕೊಡು ಎಂದು ಕೇಳಿದ. ಹಕ್ಕಿಯನ್ನು ಹೆದರಿಸಲು ಡಬ್ಬ ಬಡಿದರೆ ಸಾಲದೇ ಎಂದು ಮಾವ ಕಿಚಾಯಿಸಿದರು. ಡಬ್ಬದ ತಾಳಕ್ಕೆ ಅವು ಇನ್ನೂ ನಾಲ್ಕು ಹೆಚ್ಚು ತಿನ್ನುತ್ತವೆ ಎಂದ ಅಣ್ಣ.

ಮಾವ ಹಿತ್ತಾಳೆಯ ಒಂದು ಗಿಡ್ಡ ಕೊಳವೆ ಕಡೆದರು. ಹೊರಗಡೆ ರೈಫಲ್ಲಿನ ಗುಂಡು ತುಂಬುವ ಜಾಗಕ್ಕೆ, ಒಳಗಡೆ ಸಣ್ಣ ಕಾಡತೂಸಿಗೆ ಕೂದಲೆಳೆಯಷ್ಟೂ ಸಂದು ಇಲ್ಲದಂತೆ ಕೂರುವ ಕೊಳವೆ. ಅಂಗಳದಲ್ಲಿ ಹಾರಿಸಿದಾಗ ಚರೆಗಳೆಲ್ಲ ಅಂಗೈ ಅಗಲದಲ್ಲಿ ಗುಂಪಾಗಿ ಕೂತವು. ನನ್ನ ಜೀವನದಲ್ಲಿ ಇಷ್ಟು ನಿಖರವಾಗಿ ಇನ್ನೊಂದು ಮಾಡಿಲ್ಲ ಎಂದು ಬೆನ್ನು ತಟ್ಟಿ ಕಳಿಸಿದರು.

ನಾಲ್ಕನೆಯ ದಿನ ತೋಟದ ಅಣ್ಣ ಮೂವತ್ತು ಹೆಜ್ಜೆ ಆಚೆಯ ಮರಕ್ಕೆ ಗುರಿಯಿಟ್ಟು ಹೊಡೆದ. ಅವನ ಹೆಂಡತಿ, ತೋಟದ ಅಕ್ಕ, ಗುರಿಯಿಂದ ಒಂದು ಮಾರು ಪಕ್ಕಕ್ಕೆ ಬುಟ್ಟಿ ಹಿಡಿದು ನಿಂತಿದ್ದಳು. ಮರದ ಮೇಲಿನ ಹಕ್ಕಿಗೆ ಏನೂ ಆಗಲಿಲ್ಲ. ಒಂದು ಚರೆ ಅಕ್ಕನ ಎಡಗಣ್ಣಿಗೆ ಹೊಕ್ಕಿತು.

ಕಣ್ಣು ಉಳಿಯಲಿಲ್ಲ. ಪೊಲೀಸರು ಕೈತಪ್ಪು ಎಂದು ಬರೆದುಕೊಂಡರು. ಬೀದಿ ಅಷ್ಟಕ್ಕೇ ಬಿಡಲಿಲ್ಲ. ಕುಡಿದಿದ್ದ ಅಂದರು, ನಡುಗುವ ಕೈಗೆ ಕೋವಿ ಯಾಕೆ ಅಂದರು. ಕುಡಿದಿರಲಿಲ್ಲ ಎಂಬುದು ಅಣ್ಣನಿಗೆ ಗೊತ್ತಿತ್ತು. ಕೈ ನಡುಗಲಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ. ಗಿಡಕ್ಕೆ ಕಸಿ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆ ದಿನದಿಂದ ಕಸಿ ಚಾಕು ಮುಟ್ಟಲಿಲ್ಲ.

ರೈಫಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳಲಾರದೆ ಮಾವನ ಅಂಗಡಿಯಲ್ಲೇ ಬಿಟ್ಟಿದ್ದ. ಒಂದು ತಿಂಗಳಾದ ಮೇಲೆ ಮಾವ ಅದನ್ನು ಪಾಳುಬಿದ್ದ ಕಲ್ಲುಕ್ವಾರಿಗೆ ಒಯ್ದರು. ಹಳೆಯ ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ ಮೂರು ಮಾರು ಅಗಲದ ಕಾಗದ ಮಾಡಿ, ಮೂವತ್ತು ಹೆಜ್ಜೆಯಿಂದ ಹೊಡೆದರು. ಹತ್ತಿರ ಹೋಗಿ ನೋಡಿದರೆ ಗುರಿಯಿಟ್ಟ ನಡುವಿನಲ್ಲಿ ಒಂದೂ ತೂತಿಲ್ಲ. ಚರೆಗಳೆಲ್ಲ ಸುತ್ತಲೂ ಬಳೆಯಂತೆ ಚದುರಿದ್ದವು. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಒಂಟಿ ಗುಂಡನ್ನು ತಿರುಗಿಸಿ ನೇರ ಕಳಿಸುವುದಕ್ಕೆಂದೇ ಅವು. ಅದೇ ಗೀರು ಚರೆಗಳನ್ನೂ ಗಿರ್ರನೆ ತಿರುಗಿಸಿ, ದೂರ ಹೋದಂತೆಲ್ಲ ಹೊರಕ್ಕೆ ಎಸೆಯುತ್ತದೆ. ಮೊದಲ ಹತ್ತು ಹೆಜ್ಜೆ ಚರೆಗಳು ಕಾಡತೂಸಿನೊಳಗಿನ ಬಟ್ಟಲಲ್ಲೇ ಒಟ್ಟಿಗೆ ಹೋಗುವುದರಿಂದ ಅದು ಕಾಣುವುದಿಲ್ಲ. ಎಲ್ಲವನ್ನೂ ಅಳೆದಿದ್ದ ಮಾವ ದೂರವನ್ನು ಅಳೆದಿರಲಿಲ್ಲ.

ಅಣ್ಣನ ಕೈಯ ತಪ್ಪು ಏನೂ ಇರಲಿಲ್ಲ. ಅದನ್ನು ಹೇಳಲು ಮಾವ ಮೂರು ಸಲ ತೋಟದ ಗೇಟಿನವರೆಗೆ ಹೋದರಂತೆ, ಮೂರು ಸಲವೂ ಹಿಂದಿರುಗಿದರಂತೆ. ಆಮೇಲೆ ಹೋಗುವುದನ್ನೂ ಬಿಟ್ಟರು. ಹೇಳಿದರೆ ಅಂಗಡಿಯೂ ಹೋಯಿತು, ಹೆಸರೂ ಹೋಯಿತು ಎಂದು ಬಾಯಿಗೆ ಬೀಗ ಹಾಕಿಕೊಂಡರು. ಕಾಗದದ ಮೇಲಿನ ಆ ಬಳೆ ಮಾತ್ರ ಅವರ ಬೆನ್ನು ಬಿಡಲಿಲ್ಲ. ಟೀ ಲೋಟ ಎತ್ತಿದರೆ ಮೇಜಿನ ಮೇಲೆ ಉಳಿಯುವ ಒದ್ದೆ ಗುರುತಿನಲ್ಲಿ ಅದು ಕಾಣುತ್ತಿತ್ತು. ಲೇತಿನಿಂದ ಬೀಳುವ ಲೋಹದ ಪ್ರತಿ ಸುರುಳಿಯಲ್ಲೂ ಕಾಣುತ್ತಿತ್ತು. ಎದುರಿಗೆ ಕೂತು ಮಾತಾಡುವ ಗಿರಾಕಿಯ ಮುಖ ಇದ್ದಕ್ಕಿದ್ದಂತೆ ನಡುವಿನಲ್ಲಿ ಬರಿದಾಗಿ, ಅಂಚು ಮಾತ್ರ ಉಳಿಯುತ್ತಿತ್ತಂತೆ. ಆಗ ಮಾವ ಕೆಲಸ ನಿಲ್ಲಿಸಿ ನಲ್ಲಿ ಬಿಟ್ಟು ಕೈ ತೊಳೆಯುತ್ತಿದ್ದರು. ಎಣ್ಣೆ ಅಂಟಿದೆ ಎನ್ನುತ್ತಿದ್ದರು. ಅವರು ತೊಳೆದ ಮೇಲೆ ಟವೆಲಿನಲ್ಲಿ ಎಣ್ಣೆಯ ಕಲೆಯೇ ಇರುತ್ತಿರಲಿಲ್ಲ.

ಹೋದ ತಿಂಗಳು ತೋಟದ ಅಣ್ಣ ಅಂಗಡಿಗೆ ಬಂದ. ಕೈಗಳನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಆ ರೈಫಲ್ ಕತ್ತರಿಸಿ ಹಾಕಯ್ಯ," ಎಂದ. "ಲೈಸೆನ್ಸ್ ವಾಪಸ್ ಕೊಡ್ತಿದ್ದೀನಿ. ಅದು ಭೂಮಿ ಮೇಲೆ ಇರೋದೇ ಬೇಡ."

ಕಾನೂನಿನ ಕಾಗದವೂ ಅವನ ಬಳಿ ಇತ್ತು. ಮಾವ ನಳಿಗೆಯನ್ನು ಬೆಂಚಿನ ವೈಸಿಗೆ ಬಿಗಿದು ಗರಗಸ ಇಟ್ಟರು. ಹತ್ತು ನಿಮಿಷ ಎಳೆದರೆ ಸಾಕು, ಹನ್ನೊಂದು ವರ್ಷದ ಸತ್ಯಕ್ಕೆ ಇದ್ದ ಒಂದೇ ಸಾಕ್ಷಿ ಗುಜರಿಗೆ ಹೋಗುತ್ತಿತ್ತು. ಯಾರೂ ಎಂದೂ ಕೇಳುತ್ತಿರಲಿಲ್ಲ.

ಗರಗಸ ಕೆಳಗಿಟ್ಟು, "ನಾಳೆ ಅಕ್ಕನ್ನ ಕರ್ಕೊಂಡು ಕ್ವಾರಿಗೆ ಬಾ," ಎಂದರು. "ಯಾಕೆ ಅಂತ ಇಲ್ಲಿ ಕೇಳಬೇಡ. ನನ್ನ ಬಾಯಲ್ಲಿ ಬರಲ್ಲ."

ಮರುದಿನ ಹಾಡುಹಗಲಲ್ಲಿ ಇಬ್ಬರೂ ಬಂದರು. ಮಾವ ಮೂವತ್ತು ಹೆಜ್ಜೆ ಆಚೆ ಮತ್ತೆ ಅಂಥದೇ ಕಾಗದ ನಿಲ್ಲಿಸಿ, ರೈಫಲ್ಲನ್ನು ಮರದ ದಿಮ್ಮಿಗೆ ಭದ್ರವಾಗಿ ಕಟ್ಟಿದ್ದರು. ಕುದುರೆಗೆ, ಅಂದರೆ ಟ್ರಿಗರಿಗೆ, ಉದ್ದನೆಯ ಹಗ್ಗ ಬಿಗಿದು, ಎಲ್ಲರನ್ನೂ ಬಂಡೆಯ ಹಿಂದೆ ನಿಲ್ಲಿಸಿ ಎಳೆದರು. ಕೋವಿಯ ಮೇಲೆ ಯಾರ ಕೈಯೂ ಇರಲಿಲ್ಲ. ನಡುಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಅಕ್ಕ ಮೊದಲು ಹೋದಳು. ಒಂದೇ ಕಣ್ಣಿನಿಂದ ಕಾಗದವನ್ನು ಮೇಲಿನಿಂದ ಕೆಳಗೆ ನೋಡಿದಳು. ನಡುವಿನಲ್ಲಿ ಅಂಗೈ ಇಟ್ಟು ಸವರಿದಳು, ಕಾಗದ ನುಣ್ಣಗಿತ್ತು. ಅಲ್ಲಿಂದ ಪಕ್ಕಕ್ಕೆ ಒಂದು ಮಾರು ಅಳೆದಳು. ಬೆರಳು ತೂತಿಗೆ ತಾಗಿತು. ಮಾವ ಆಗ ಎಲ್ಲವನ್ನೂ ಹೇಳಿದರು. ಕೊಳವೆ ಕಡೆದದ್ದು, ಹತ್ತು ಹೆಜ್ಜೆಯಲ್ಲೇ ಪರೀಕ್ಷಿಸಿದ್ದು, ಒಂದು ತಿಂಗಳಿಗೇ ತಿಳಿದದ್ದು, ತಿಳಿದೂ ಸುಮ್ಮನಿದ್ದದ್ದು.

ಅಣ್ಣ ಒಂದು ಕಲ್ಲಿನ ಮೇಲೆ ಕೂತು, ಜೇಬಿನಿಂದ ಎರಡೂ ಕೈ ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನೋಡತೊಡಗಿದ. ಬೇರೆ ಯಾರದೋ ಕೈಗಳನ್ನು ನೋಡುವಂತೆ.

ಅಕ್ಕ ಹೇಳಿದಳು, "ಹನ್ನೊಂದು ವರ್ಷದಿಂದ ಇವರು ನನ್ನ ಕೈಗೆ ಲೋಟ ಕೊಟ್ಟಿಲ್ಲ, ಗೊತ್ತಾ ನಿಮಗೆ? ಮೇಜಿನ ಮೇಲಿಟ್ಟು ದೂರ ನಿಲ್ತಾರೆ. ಎಲ್ಲಿ ಕೈ ತಪ್ಪಿ ನನಗೆ ಇನ್ನೇನಾದ್ರೂ ಆಗುತ್ತೋ ಅಂತ ಅವರಿಗೆ ಭಯ. ನಿಮ್ಮ ಅಳತೆ ತಪ್ಪಿತು, ಆಗಲಿ, ಮನುಷ್ಯರು. ಗೊತ್ತಾದ ಮೇಲೆ ಸುಮ್ಮನಿದ್ರಲ್ಲ, ಅದನ್ನ ನಾನು ಬಿಡಲ್ಲ."

ಮಾವ ತಲೆ ತಗ್ಗಿಸಿ, ಏನು ಮಾಡಲಿ ಎಂದರು.

"ಬೀದಿ ಇವರನ್ನ ಕುಡುಕ ಅಂತು. ಬೀದಿಗೇ ಹೇಳಿ. ಈ ಕಾಗದ ನಿಮ್ಮ ಅಂಗಡಿ ಮುಂದೆ ನೇತಾಡಲಿ."

ಅಂದೇ ಮಾವ ಕಾಗದವನ್ನು ಬಾಗಿಲ ಪಕ್ಕ ಬಡಿದರು. ಬಂದವರಿಗೆಲ್ಲ ತಾವೇ ಹೇಳುತ್ತಾರೆ. ಕೆಲವರು ಅರ್ಧ ಕೇಳಿ ರಿಪೇರಿಗೆ ತಂದ ಕೋವಿಯನ್ನು ವಾಪಸ್ ಒಯ್ಯುತ್ತಾರೆ. ತೋಟದ ಅಣ್ಣ ಈ ಬೀದಿಯಲ್ಲಿ ಹೋದರೂ ನಮ್ಮ ಅಂಗಡಿಯ ಕಡೆ ತಿರುಗುವುದಿಲ್ಲ. ಅವನು ಇದನ್ನು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ಮಾವ ಕೇಳಿಯೂ ಇಲ್ಲ. ಬರಿದಾದ ಮುಖಗಳು ಈಗಲೂ ಕಾಣುತ್ತವೆಯೇ ಎಂದು ಕೇಳಿದೆ. ಕಾಣುತ್ತವೆ, ಆದರೆ ಈಗ ಅವಕ್ಕೆ ಉತ್ತರ ಕೊಡುತ್ತೇನೆ ಎಂದರು.

ಈಚೆಗೆ ಮಾವನ ಗಂಟಲು ಕಟ್ಟಿದೆ. ಅವರು ಮಾತಾಡಲಾರದ ದಿನ ಬಂದವರು ಅದನ್ನು ಬರೀ ತೂತು ಕಾಗದ ಅಂದುಕೊಂಡು ಹೋಗುತ್ತಾರೆ. ನಾಳೆ ಬೆಳಿಗ್ಗೆ ನಾನು ತೋಟಕ್ಕೆ ಹೋಗಿ ಈ ಬರಹವನ್ನು ಅಕ್ಕನಿಗೆ ಓದಿ ಹೇಳುತ್ತೇನೆ. ಅವಳು ತಪ್ಪು ಅಂದದ್ದನ್ನು ತಿದ್ದಿ, ಇನ್ನೊಮ್ಮೆ ದೊಡ್ಡ ಅಕ್ಷರದಲ್ಲಿ ಬರೆದು, ಆ ಕಾಗದದ ಪಕ್ಕ ಅಂಟಿಸುತ್ತೇನೆ.