ಸಾಬರ ಸ್ಟುಡಿಯೊದಲ್ಲಿ ಬೆಳ್ಳಗಾದದ್ದು

ಕೋಲಾರದ ನಮ್ಮ ಮನೆಯ ತಾರಸಿಯಲ್ಲಿ ಕೂತು, ಹುಟ್ಟೂರಾದ ದೇವರಾಯಸಮುದ್ರದ ಕೆರೆಗೆ ನೇರಳೆ ಬಣ್ಣ ಬಳಿಯುವುದು ಈಚೆಗೆ ನನ್ನ ಸಂಜೆಯ ಕೆಲಸ. ಮೊಬೈಲಿನಲ್ಲಿ ಬೆರಳನ್ನು ಎಡಕ್ಕೆ ಸರಿಸಿದರೆ ಮುಗಿಲು ಕೆಂಪಾಗುತ್ತದೆ, ಬಲಕ್ಕೆ ಸರಿಸಿದರೆ ಬಂಡೆಗಳೆಲ್ಲ ನವಿಲಿನ ಕೊರಳಾಗುತ್ತವೆ. ಮೂವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ತಿದ್ದಿಸಿದವಳಿಗೆ ನಿವೃತ್ತಿಯಾದ ಮೇಲೂ ವರ್ಣಗಳ ಸಹವಾಸ ತಪ್ಪಲಿಲ್ಲ, ನೋಡಿ. ಈ ಕಲಾಕೃತಿಗಳನ್ನು ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಅದೇ ಕೆರೆಯಲ್ಲಿ ಈಜು ಕಲಿತ ಸಹೋದ್ಯೋಗಿಯೊಬ್ಬರು ಮೊನ್ನೆ, "ಅದ್ಭುತ ಮೇಡಂ, ಇದು ಯಾವ ದೇಶ?" ಎಂದು ಕೇಳಿದರು. ಕಲಾವಿದೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಈ ಉತ್ಸಾಹದಲ್ಲೇ ಹೋದ ವಾರ ನಮ್ಮ ಮದುವೆಯ ಕಪ್ಪುಬಿಳುಪು ಫೋಟೋಗೂ ಬಣ್ಣ ತುಂಬಲು ಹೊರಟೆ. ಒತ್ತಿದ್ದೇ ತಡ, ಸೀರೆ ಕೆಂಪಾಯಿತು, ಬಾಳೆಕಂಬ ಹಸಿರಾಯಿತು, ನಾನು ಹಾಲಿನಂತೆ ಬೆಳ್ಳಗಾದೆ. ನನ್ನದು ಎಣ್ಣೆಗೆಂಪು ಎಂದು ಯಾರಾದರೂ ಹೇಳಿದ್ದರೆ ಅದು ಅವರ ದಾಕ್ಷಿಣ್ಯ, ನಾನು ಕಪ್ಪು. ಎಲಾ, ಯಂತ್ರವೂ ನಮ್ಮಪ್ಪನ ಪಕ್ಷ ಸೇರಿತಲ್ಲ ಎಂದು ನಗು ಬಂತು. ಆ ನಗುವಿನ ಬೆನ್ನಿಗೇ ಮುಳಬಾಗಿಲಿನ ಖಾದರ್ ಸಾಬರ ಸ್ಟುಡಿಯೊ ನೆನಪಾಯಿತು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು ಅದು. ಕಪ್ಪುಬಿಳುಪು ಫೋಟೋದ ಮೇಲೆ ಸಣ್ಣ ಕುಂಚದಿಂದಲೂ ಹತ್ತಿಯ ಉಂಡೆಯಿಂದಲೂ ಕೈಯಾರೆ ಬಣ್ಣ ಹಚ್ಚುವುದರಲ್ಲಿ ಸಾಬರು ನಿಸ್ಸೀಮರು; ತುಟಿಗೆ ಕೆಂಪು ತೀಡುವಾಗ ಅವರು ಉಸಿರನ್ನೇ ಬಿಗಿಹಿಡಿಯುತ್ತಿದ್ದರು. ನನಗೆ ಆಗ ಇಪ್ಪತ್ತು ವರ್ಷ. ಅಷ್ಟರಲ್ಲಾಗಲೇ ಎರಡು ಕಡೆಯ ಗಂಡಿನವರು ನಮ್ಮ ಮನೆಯ ಉಪ್ಪಿಟ್ಟನ್ನು ಮೆಚ್ಚಿ, ನನ್ನ ಬಣ್ಣವನ್ನು ಮೆಚ್ಚದೆ ಹೋಗಿದ್ದರು. ಮೂರನೆಯವರಿಗೆ ಕಳಿಸಲು ಫೋಟೋ ತೆಗೆಸಬೇಕೆಂದು ಮೇಷ್ಟ್ರಾಗಿದ್ದ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದರು.

"ಸಾಬ್ರೇ, ಹುಡುಗಿ ಕೊಂಚೆಂ ಬೆಳ್ಳಗೆ ಕಾಣೋ ಹಂಗೆ ಮಾಡ್ಬಿಡಿ," ಎಂದು ಅಪ್ಪ ದನಿ ತಗ್ಗಿಸಿ ಹೇಳಿದ್ದು, ಪರದೆಯ ಮುಂದೆ ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾತಿನಲ್ಲಿ ತೆಲುಗು ಇಣುಕಿತೆಂದರೆ ಅಪ್ಪ ಸಂಕೋಚದಲ್ಲಿದ್ದಾರೆಂದೇ ಅರ್ಥ.

"ಬೆಳ್ಳಗೆ ಮಾಡೋಕೇನೈತೆ ಮೇಷ್ಟ್ರೇ, ಒಂದೇ ಬಣ್ಣ ಸಾಕು," ಎಂದರು ಸಾಬರು. "ಬೇಟಿ ಬಣ್ಣ ಇದ್ದಂಗೇ ತರ್ಬೇಕು ಅಂದ್ರೆ ಮೂರು ಕಲಸ್ಬೇಕು. ಕಷ್ಟದ ಕೆಲ್ಸ ಅಂದ್ರೆ ಅದು."

ಅಪ್ಪನಿಗೆ ಸುಲಭದ ಕೆಲಸವೇ ಬೇಕಿತ್ತು. ವಾರದ ನಂತರ ಬಂದ ಫೋಟೋದಲ್ಲಿ ಕಣ್ಣು ನನ್ನದು, ಜಡೆ ನನ್ನದು, ಮೈಬಣ್ಣ ಇನ್ಯಾರದೋ. ಅಮ್ಮ ಹಿಗ್ಗಿದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಆ ಫೋಟೋ ನೋಡಿಯೇ ಕೋಲಾರದ ಗಂಡಿನವರು ಬಂದರು. ಕಾಫಿ ತಂದಿಟ್ಟೆ. ಹುಡುಗನ ತಾಯಿ ನನ್ನನ್ನೊಮ್ಮೆ, ಕೈಯಲ್ಲಿದ್ದ ಫೋಟೋವನ್ನೊಮ್ಮೆ ನೋಡಿದರು. ಅಪ್ಪ ಬೆವರಿಲ್ಲದ ಹಣೆಯನ್ನು ಟವೆಲಿನಿಂದ ಒರೆಸಿಕೊಂಡರು. ಅದನ್ನು ನೋಡಲಾರದೆ ನಾನೇ ಬಾಯಿಬಿಟ್ಟೆ: "ಫೋಟೋಗೆ ಬಣ್ಣ ಹಚ್ಚಿಸಿದ್ದಾರೆ. ನಾನಿರೋದು ಹಿಂಗೇ. ಒಪ್ಪಿಗೆ ಇಲ್ದಿದ್ರೆ ಈಗ್ಲೇ ಹೇಳ್ಬಿಡಿ."

ಅಮ್ಮ ಬಾಗಿಲ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಹುಡುಗ ತಲೆ ತಗ್ಗಿಸಿ ಕಾಫಿ ಕುಡಿದು ಮುಗಿಸಿದ. ಅವರು ಹೊರಟುಹೋದರು. ನಾಲ್ಕು ದಿನ ಅಪ್ಪ ನನ್ನೊಂದಿಗೆ ಮಾತಾಡಲಿಲ್ಲ. ಐದನೆಯ ದಿನ ಒಪ್ಪಿಗೆಯ ಕಾಗದ ಬಂತು. ಅಪ್ಪ ಅದನ್ನು ಎರಡು ಸಲ ಓದಿ, "ನಂದೇ ತಪ್ಪಾಯ್ತು ಕಣಮ್ಮಾ," ಎಂದರು. ಊರ ಮಕ್ಕಳ ತಪ್ಪನ್ನೆಲ್ಲ ತಿದ್ದಿದ ಅವರು ತಮ್ಮ ತಪ್ಪನ್ನು ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುಡುಗ ಏಕೆ ಒಪ್ಪಿದನೆಂದು ಮಾತ್ರ ನಾನೆಂದೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಕರುಣೆಯಿಂದ ಎಂದುಬಿಡುತ್ತಾನೋ ಎಂಬ ಅಳುಕು.

ಹೋದ ವಾರ ಆ ಹುಡುಗ, ಅಂದರೆ ಎಪ್ಪತ್ತು ದಾಟಿದ ನಮ್ಮ ಯಜಮಾನರು, ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ನಾನು ಎಡಗೈಯನ್ನು ಮೊಬೈಲಿನ ಪಕ್ಕಕ್ಕಿಟ್ಟು, ಮದುವೆಯ ಫೋಟೋದಲ್ಲಿನ ನನ್ನ ಮುಖದ ಬಣ್ಣವನ್ನು ಅದಕ್ಕೆ ಹೊಂದಿಸಲು ಹೆಣಗುತ್ತಿದ್ದೆ. ಬರೀ ಕಪ್ಪು ಹೆಚ್ಚಿಸಿದರೆ ಮಸಿ ಬಳಿದಂತಾಗುತ್ತಿತ್ತು. ಕೆಂಪು, ಹಳದಿಗಳನ್ನು ಚೂರುಚೂರೇ ಸೇರಿಸುತ್ತಾ ಹೋದಂತೆ ಇಪ್ಪತ್ತರ ನನ್ನ ಮುಖ ನಿಧಾನವಾಗಿ ನನಗೆ ಸಿಕ್ಕಿತು.

ಅವರು ಇಣುಕಿದರು. "ನಿಂದೇನೋ ಸರಿಯಾಯ್ತು. ನನ್ನನ್ಯಾಕೆ ಹಂಗೇ ಬಿಟ್ಟಿದ್ದೀಯ? ನಾನೇನು ಅಷ್ಟು ಬೆಳ್ಳಗಿದ್ನಾ?"

"ನೋಡೋಕೆ ಬಂದ ದಿನ ಬೆಳ್ಳಗೇ ಇದ್ರಲ್ಲ," ಎಂದೆ.

ಅವರು ಪೇಪರ್ ಮಡಿಸಿಟ್ಟರು. "ಅದು ಪೌಡರ್ ಕಣೇ. ನಮ್ಮಮ್ಮ ಹಚ್ಚಿ ಕರ್ಕೊಂಡು ಬಂದಿದ್ರು. ನೀನು ಅವತ್ತು ನಾನಿರೋದು ಹಿಂಗೇ ಅಂದ್ಯಲ್ಲ, ನಂಗೆ ತಲೆ ಎತ್ತೋಕೇ ಆಗ್ಲಿಲ್ಲ. ಮುಳಬಾಗ್ಲು ಬಸ್ ಸ್ಟ್ಯಾಂಡಿನ ನಲ್ಲಿ ನೀರಲ್ಲಿ ಮುಖ ತೊಳ್ಕೊಂಡು ಅಮ್ಮನ ಮುಂದೆ ನಿಂತೆ. ಮದ್ವೆ ಅಂತ ಆದ್ರೆ ಈ ಹುಡುಗೀನೇ ಅಂದೆ."

ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮಾತು! "ಸ್ವಲ್ಪ ಬೆಳಕಿನ ಕಡೆ ತಿರುಗಿ," ಎಂದೆ. ಅವರು ಕನ್ನಡಕ ತೆಗೆದು, ಸಂಜೆಯ ಬಿಸಿಲಿಗೆ ಮುಖವೊಡ್ಡಿ ಅಲುಗದೆ ಕೂತರು. ನಾನು ಅವರ ಬಣ್ಣ ಕಲಸತೊಡಗಿದೆ.