ಅರ್ಧ ಅಳಿಸಿಹೋದ ಧ್ವನಿ

ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಿಸ್ ಇದ್ದರು. ಅವರ ಗಂಡನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ನಾನು ಅವರನ್ನು ಸಾರ್ ಎನ್ನುತ್ತೇನೆ. ಮಿಸ್ ತೀರಿಕೊಂಡ ಮೇಲೂ ಸಾರ್ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ಕೆಳಗೆ ಅವರ ತಂಗಿಯ ಸಂಸಾರ.

ಸಾರ್ ಕಂಪ್ಯೂಟರನ್ನು ಕಿವಿಯಿಂದಲೇ ನಡೆಸುತ್ತಾರೆ. ಪರದೆಯ ಮೇಲೆ ಬಂದದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಅವರ ಲಿನಕ್ಸ್ ಯಂತ್ರ ಓದುತ್ತಿದ್ದದ್ದು ಮಿಸ್ ಧ್ವನಿಯಲ್ಲಿ. ನಾಗರಬಾವಿಯಲ್ಲಿ ರೂಮು ಮಾಡಿಕೊಂಡಿದ್ದ ಕೆಲವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಸಂಜೆ ಸಂಜೆ ಬಂದು, ಮಿಸ್ ಕೈಲಿ ರಾಶಿ ವಾಕ್ಯ ಓದಿಸಿ ರೆಕಾರ್ಡ್ ಮಾಡಿದ್ದರು. ಆಮೇಲೆ ಅದನ್ನು ಸದ್ದು ಸದ್ದಾಗಿ ಕತ್ತರಿಸಿ, ಯಾವ ಮಾತನ್ನು ಬೇಕಾದರೂ ಜೋಡಿಸಿ ಆಡುವಂಥ ಒಂದು ಪ್ಯಾಕೇಜು ಮಾಡಿಕೊಟ್ಟಿದ್ದರು. ಕೇಳಲು ಒರಟಾಗಿತ್ತು. "ನಂಗೆ ನೆಗಡಿ ಬಂದಾಗ ಹೀಗೇ ಇರತ್ತೆ ಕಣೇ" ಎಂದು ಮಿಸ್ ನಗುತ್ತಿದ್ದರು. ಆದರೂ ಆ ಳಕಾರ, ಕ್ಲಾಸಿನಲ್ಲಿ ನಮ್ಮನ್ನು ತಿದ್ದಿ ತಿದ್ದಿ ಹೇಳಿಸುತ್ತಿದ್ದ ಆ ಹಕಾರ ಅವರದೇ.

ಮಿಸ್ ಹೋದ ಮೇಲೆ ಸಾರ್ ಆ ಯಂತ್ರದಲ್ಲಿ ಏನನ್ನೂ ಬದಲಾಯಿಸಲು ಬಿಡಲಿಲ್ಲ. ರಾಜಾಜಿನಗರದ ಒಂದು ಆಫೀಸಿನಲ್ಲಿ ಇಂಥವೇ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಪ್‌ಡೇಟ್ ಮಾಡೋಣವೇ ಎಂದು ಕೇಳಿದಾಗಲೆಲ್ಲ, "ನಡೀತಾ ಇದೆಯಲ್ಲಮ್ಮಾ, ಇರ್ಲಿ ಬಿಡು" ಎನ್ನುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಅವರ ಫೋನು ಬಂತು. "ಸ್ವಲ್ಪ ಬಂದು ಹೋಗ್ತೀಯಾ? ಅವಳು ಮಾತಾಡ್ತಾ ಇಲ್ಲ."

ಹೋದೆ. ಹಳೆಯ ಬ್ರೌಸರಿನಲ್ಲಿ ಪೆನ್ಷನ್ನಿನ ಪುಟ ತೆರೆಯುವುದೇ ನಿಂತುಹೋಗಿತ್ತಂತೆ. ಬೇರೆ ದಾರಿ ಕಾಣದೆ ಹಿಂದಿನ ದಿನ ತಾವೇ ಕಮ್ಯಾಂಡ್ ಕೊಟ್ಟು ಇಡೀ ವ್ಯವಸ್ಥೆಯನ್ನು ಹೊಸದಕ್ಕೆ ಏರಿಸಲು ಹೊರಟಿದ್ದರು. ಅರ್ಧದಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ಆನ್ ಆಯಿತು, ಫ್ಯಾನಿನ ಸದ್ದು ಬಂತು, ಮಾತು ಮಾತ್ರ ಬರಲಿಲ್ಲ.

ನಾನು ಪರದೆ ನೋಡುತ್ತ ಕೂತೆ. ಸಾರ್ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಏನಂತೆ?"

"ಕೆಲವು ಪ್ಯಾಕೇಜು ಅರ್ಧಕ್ಕೇ ನಿಂತಿವೆ ಸಾರ್. ಹಳೇದಕ್ಕೂ ಹೊಸದಕ್ಕೂ ಹೊಂದ್ತಾ ಇಲ್ಲ. ಸರಿ ಮಾಡಬಹುದು."

"ಅವಳದು?"

ಹುಡುಕಿದೆ. ಹೊಸ ವ್ಯವಸ್ಥೆಗೆ ಹೊಂದದ್ದೆಂದು ಯಂತ್ರ ಆ ಧ್ವನಿಯನ್ನು ತೆಗೆದುಹಾಕಲು ಶುರುಮಾಡಿತ್ತು. ಆ ಕೆಲಸ ನಡೆಯುತ್ತಿದ್ದಾಗಲೇ ಕರೆಂಟು ಹೋಗಿದ್ದು. ಪ್ಯಾಕೇಜಿನ ಹೆಸರು ಉಳಿದಿತ್ತು. ಸದ್ದಿನ ಫೈಲುಗಳಿದ್ದ ಫೋಲ್ಡರು ಖಾಲಿ. ಹೇಳದೆ ಇರುವಂತೆಯೂ ಇರಲಿಲ್ಲ, ಹೇಳಿದೆ. ಸಾರ್ ಹಿಡಿದಿದ್ದ ಕುರ್ಚಿ ಸ್ವಲ್ಪ ಅಲುಗಿತು.

ಆ ದಿನವೆಲ್ಲ ಅಲ್ಲೇ ಇದ್ದೆ. ವಿದ್ಯಾರ್ಥಿಗಳು ಪ್ಯಾಕೇಜು ಇಟ್ಟಿದ್ದ ವೆಬ್‌ಸೈಟು ಈಗಿಲ್ಲ. ಅವರಲ್ಲಿ ಒಬ್ಬನ ನಂಬರು ಹೇಗೋ ಸಿಕ್ಕಿತು. "ಅಯ್ಯೋ ಮೇಡಂ, ಆ ಹಾರ್ಡ್ ಡಿಸ್ಕ್ ಯಾವಾಗ್ಲೋ ಹೋಯ್ತು. ಆಂಟಿ ನಮಗೆ ದಿನಾ ಉಪ್ಪಿಟ್ಟು ಮಾಡಿಕೊಡ್ತಾ ಇದ್ರು" ಎಂದ. ಅಳಿಸಿದ ಫೈಲುಗಳನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಂ ಓಡಿಸಿದೆ. ಡಿಸ್ಕಿನಲ್ಲಿ ಅವು ಇದ್ದ ಜಾಗದಲ್ಲೆಲ್ಲ ಹೊಸ ಪ್ಯಾಕೇಜುಗಳು ಬಂದು ಕೂತಿದ್ದವು. ಚೂರುಪಾರು ಸಿಕ್ಕಿತು, ಬಹುಪಾಲು ಬರೀ ಗೊರಗೊರ. ರೆಕಾರ್ಡಿಂಗಿಗೆ ಓದಿದ್ದ ಒಂದು ವಾಕ್ಯದ ಚೂರಿನಲ್ಲಿ ಮಾತ್ರ ಮಿಸ್ ಸ್ಪಷ್ಟವಾಗಿದ್ದರು: "ಹಿತ್ತಲ ಬಾಗಿಲ ಬಳಿ ಯಾರೋ..." ಅಲ್ಲಿಗೆ ತುಂಡಾಗಿತ್ತು.

ಸಾರ್ ಇನ್ನೊಮ್ಮೆ ಹಾಕಿಸಿದರು. ಮತ್ತೂ ಒಮ್ಮೆ. ಆಮೇಲೆ ಮಂಚದ ಮೇಲೆ ಕೂತು, "ಮದುವೆ ಮನೆ ವಿಡಿಯೋಗಳಿವೆ ಫೋನಲ್ಲಿ. ಅವಳು ಅದರಲ್ಲೂ ಮಾತಾಡ್ತಾಳೆ. ಆದ್ರೆ ಅದು ಹೇಳಿದ್ದನ್ನೇ ಹೇಳತ್ತೆ ಕಣಮ್ಮಾ. ಇದರಲ್ಲಿ ಇವಳು ಅವತ್ತು ಬೆಳಿಗ್ಗೆ ಬಂದ ಮೇಲನ್ನ ಓದ್ತಾ ಇದ್ಳು" ಎಂದರು.

ಯಂತ್ರವನ್ನು ಸರಿಪಡಿಸುವ ಕಮ್ಯಾಂಡ್ ಕೊಟ್ಟಾಗ ಅದು ಕೊನೆಗೆ ಒಂದೇ ಪ್ರಶ್ನೆ ಕೇಳಿತು: ಆ ಧ್ವನಿಯ ಹೆಸರನ್ನೂ ತೆಗೆದುಹಾಕಬೇಕು, ಮುಂದುವರಿಯಲೇ? ಅದು ಹೋಗದೆ ಬೇರೆ ಯಾವುದೂ ಸರಿಹೋಗುವಂತಿರಲಿಲ್ಲ. ಓದಿ ಹೇಳಿದೆ. ನನ್ನ ಬೆರಳು ಕೀ ಮೇಲೆಯೇ ಇತ್ತು, ಒತ್ತಲಾಗಲಿಲ್ಲ. ಹದಿಹರೆಯದಲ್ಲಿ ಆ ಧ್ವನಿ ಗದರಿದರೆ ಸಾಕು, ತಪ್ಪು ಮಾಡದಿದ್ದರೂ ಎದ್ದು ನಿಲ್ಲುತ್ತಿದ್ದವಳು ನಾನು.

"ಹೂಂ ಅನ್ನಮ್ಮಾ," ಎಂದರು ಸಾರ್. "ನಿಂಗೂ ಹೊತ್ತಾಗ್ತಾ ಇದೆ."

ಒತ್ತಿದೆ. ಸಾಲುಗಳು ಸರಸರನೆ ಓಡಿ ನಿಂತವು. ಬೇರೊಂದು ಕನ್ನಡ ಧ್ವನಿ ಹಾಕಿದೆ, ಗಂಡಸಿನದು, ನಯವಾದದ್ದು. ಅದು ಮೊದಲ ಮೇಲ್ ಓದಿದಾಗ ಸಾರ್ ಯಾರೋ ಅಪರಿಚಿತರು ಮನೆಗೆ ಬಂದಂತೆ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು.

ಈಗಲೂ ಭಾನುವಾರಗಳಂದು ಹೋಗುತ್ತೇನೆ. ಯಂತ್ರ ಚೆನ್ನಾಗಿ ನಡೆಯುತ್ತಿದೆ. ಆ ಹೊಸ ಧ್ವನಿಯನ್ನು ಸಾರ್ ಎಷ್ಟು ವೇಗದಲ್ಲಿ ಓಡಿಸುತ್ತಾರೆಂದರೆ ನನಗೆ ಒಂದು ಪದವೂ ಅರ್ಥವಾಗುವುದಿಲ್ಲ. ಕಣ್ಣಿಲ್ಲದವರು ಸಾಮಾನ್ಯವಾಗಿ ಹಾಗೆಯೇ ಕೇಳುವುದಂತೆ, ಕೆಲಸ ಬೇಗ ಆಗಲೆಂದು. ಮಿಸ್ ಧ್ವನಿಯನ್ನು ಅವರು ಒಂದು ದಿನವೂ ಹಾಗೆ ಓಡಿಸಿರಲಿಲ್ಲ.