ಕೆಳಗಿನ ಸ್ಲಾಟಿನ ಕಾರ್ಡು

ಲಿಫ್ಟ್ ರಿಪೇರಿಯವನ ಅನುಮಾನದ ಬುದ್ಧಿ ಇಡೀ ಬಡಾವಣೆಗೆ ಗೊತ್ತು. ತಾನೇ ಒಮ್ಮೆ ಮೇಲಿನಿಂದ ಕೆಳಗೆ ಓಡಾಡಿ ನೋಡದೆ ಯಾರನ್ನೂ ಲಿಫ್ಟಿಗೆ ಹತ್ತಿಸುವ ಆಸಾಮಿಯಲ್ಲ. ಅಂಥವನು ಗೇಮ್ ಆಡುವ ಕಂಪ್ಯೂಟರಿಗೆ ಮದರ್‌ಬೋರ್ಡ್ ಆರಿಸಲು ಹೊರಟರೆ ಕೇಳಬೇಕೆ! ಊಟಕ್ಕೆ ಕೂತರೂ ಅದೇ ರಾಮಾಯಣ. ಗೇಮಿನ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡ್ ಒಟ್ಟಿಗೆ ಕೂರಬೇಕು, ಎರಡಕ್ಕೂ ಸಮನಾದ ವೇಗ ಸಿಗಬೇಕು, ನಡುವೆ ಗಾಳಿಯಾಡಬೇಕು. ಒಂದು ಬೋರ್ಡಿನಲ್ಲಿ ಕಾರ್ಡು ಸಿಕ್ಕಿಸುವ ಸ್ಲಾಟುಗಳು ತೀರಾ ಒತ್ತೊತ್ತು; ಇನ್ನೊಂದರಲ್ಲಿ ಎರಡನೆಯ ಸ್ಲಾಟು ನೋಡಲಷ್ಟೇ ಉದ್ದ, ವೇಗಕ್ಕೆ ಅರೆಹೊಟ್ಟೆ. ಇದನ್ನೆಲ್ಲ ಬೇಸರವಿಲ್ಲದೆ ಕೇಳುತ್ತಿದ್ದವಳು ಅವನ ಅಕ್ಕ ಒಬ್ಬಳೇ.

ಆ ಎರಡು ಕಾರ್ಡುಗಳಲ್ಲಿ ಒಂದು ಅವಳದು. ಅಕ್ಕ ಸಿಟಿ ಬಸ್ ಓಡಿಸುತ್ತಿದ್ದವಳು. ಎದೆಯ ಆಪರೇಷನ್ ಆದ ಮೇಲೆ ಡಿಪೋದವರು ಅವಳನ್ನು ಸ್ಟಿಯರಿಂಗಿನಿಂದ ಇಳಿಸಿ, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲಗಳ ಕೌಂಟರಿನಲ್ಲಿ ಕೂರಿಸಿದ್ದರು. ಸಂಜೆ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಗೇಮ್ ಹಾಕಿಕೊಂಡಾಗ ಮಾತ್ರ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಕಾರ್ಡಿಲ್ಲದೆ ಆ ಗೇಮ್ ಓಡದು. ಆದರೂ ತಮ್ಮ ಅಂಗಲಾಚಿದಾಗ ಅವಳು ಇಲ್ಲವೆನ್ನಲಿಲ್ಲ.

"ತಗೊಳೋ. ಸುಳ್ಳು ಬಸ್ ಎಷ್ಟು ದಿನ ಅಂತ ಓಡಿಸ್ಲಿ? ನಿನ್ ಗಾಡಿಗೆ ನಂದೂ ಒಂದು ಹೆಗಲಿರ್ಲಿ."

ಅಂಗಡಿಗೂ ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಳು. ಅವನು ಸ್ಲಾಟುಗಳ ನಡುವೆ ಬೆರಳಿಟ್ಟು ಅಳೆದು, ಕೊನೆಗೂ ಒಂದು ಬೋರ್ಡನ್ನು ಮೆಚ್ಚಿದ. ಯಾವ ಗೇಮ್ ಆಡುತ್ತೀರಿ ಎಂದು ಅಂಗಡಿಯಾಕೆ ವಿಚಾರಿಸಿದಳು. ಹೇಳಿದ.

"ಬೋರ್ಡ್ ಚೆನ್ನಾಗಿದೆ ಸರ್. ಆದ್ರೆ ಆ ಗೇಮು ಒಂದೇ ಕಾರ್ಡಲ್ಲಿ ಓಡೋದು. ಎರಡನೇದು ಸುಮ್ನೆ ಕೂತಿರತ್ತೆ."

ಅವನು ಬೋರ್ಡಿನಿಂದ ಬೆರಳು ತೆಗೆದ. ಗಾಳಿ ನೋಡಿದ್ದ, ಜಾಗ ನೋಡಿದ್ದ, ಇದೊಂದನ್ನು ನೋಡಿರಲಿಲ್ಲ. ಇಷ್ಟು ದಿನ ಎಲ್ಲರ ತಲೆ ತಿಂದು ಈಗ ಯಾವ ಮುಖದಲ್ಲಿ ಹೇಳುವುದು?

"ಏನಂತೋ?" ಅಕ್ಕ ಅಲ್ಲಿಂದಲೇ ಕೂಗಿದಳು.

"ಎರಡೂ ಸರಿಯಾಗಿ ಕೂರತ್ತಂತೆ ಅಕ್ಕ."

ಅಂಗಡಿಯಾಕೆ ಅವನ ಮುಖವನ್ನೊಮ್ಮೆ ನೋಡಿ ಬಿಲ್ ಹಾಕಿದಳು.

ಮನೆಯಲ್ಲಿ ಎಲ್ಲ ಜೋಡಿಸಿದ ಮೇಲೆ ಅಂಗಡಿಯಾಕೆಯ ಮಾತೇ ನಿಜವಾಯಿತು. ಮೇಲಿನ ಕಾರ್ಡು ಬೆವರು ಸುರಿಸಿ ದುಡಿದರೆ, ಕೆಳಗಿನದು ಬಣ್ಣದ ದೀಪ ಹಚ್ಚಿಕೊಂಡು ಮದುವೆಗೆ ಬಂದ ನೆಂಟನ ಹಾಗೆ ಕೂತಿತ್ತು. ಅದು ಅಕ್ಕನದು. ಅವಳು ಕೌಂಟರಿನಿಂದ ಬಂದವಳೇ ಚಪ್ಪಲಿ ಬಿಡುತ್ತ ಕೇಳುವಳು: "ನಂದು ಹೆಂಗ್ ಎಳೀತಿದೆಯೋ?"

"ಭರ್ಜರಿ ಅಕ್ಕ. ನಿಂದಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ."

ಅವಳು ಖುಷಿಯಿಂದ ಒಳಗೆ ಹೋಗುವಳು. ಅವನು ನಾಳೆ ಹೇಳಿದರಾಯಿತು ಎಂದುಕೊಳ್ಳುವನು. ನಾಳೆ ಬಂದಾಗ ಇನ್ನಷ್ಟು ಹೊಗಳುವನು. ನಾಚಿಕೆ ಬೆಳೆದಷ್ಟೂ ಹೊಗಳಿಕೆಯೂ ಬೆಳೆಯಿತು.

ಒಂದು ರಜೆಯ ಮಧ್ಯಾಹ್ನ ಅವನು ಆಡುತ್ತಿದ್ದಾಗ ಅಕ್ಕ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಪರದೆಯಲ್ಲಿ ಅವನ ಜೀಪು ತಿರುವಿಗೆ ಬಂತು. ಅಕ್ಕನ ಬಲಗಾಲು ನೆಲವನ್ನು ಒತ್ತಿತು. ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿತು. ಬ್ರೇಕು! ಅದನ್ನು ಕಂಡ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕ, ನಿನ್ ಕಾರ್ಡ್ ಕೆಲಸಾನೇ ಮಾಡ್ತಿಲ್ಲ. ಮೊದಲ ದಿನದಿಂದ್ಲೂ. ಅಂಗಡೀಲೇ ಗೊತ್ತಾಗಿತ್ತು ನಂಗೆ."

ಬೈಗುಳಕ್ಕೆ ಬೆನ್ನು ಕೊಟ್ಟು ಕಾದ. ಅವಳು ಬೈಯಲಿಲ್ಲ.

"ಮತ್ತೆ ಭರ್ಜರಿ ಎಳೀತಿದೆ ಅಂತಿದ್ಯಲ್ಲೋ?"

ಅವನು ಆಟ ನಿಲ್ಲಿಸಿದ.

"ಡಿಪೋದಲ್ಲೆಲ್ಲ ಹೇಳ್ಕೊಂಡ್ ಬಂದಿದೀನಿ ಕಣೋ. ಬಸ್ ಹೋದ್ರೆ ಹೋಯ್ತು, ನಂದು ಅನ್ನೋದು ಒಂದು ಇನ್ನೂ ಎಲ್ಲೋ ಓಡ್ತಿದೆ ಅಂತ."

ಅವನು ಆಗಲೇ ಸ್ಕ್ರೂಡ್ರೈವರ್ ತಂದು ಕಾರ್ಡು ಬಿಚ್ಚಿದ, ಅವಳ ಕಂಪ್ಯೂಟರಿಗೆ ಹಾಕಿದ. ಅವಳು ಗೇಮ್ ಹಾಕಿದಳು; ಪರದೆಯಲ್ಲಿ ಬಸ್ ಡಿಪೋದಿಂದ ಹೊರಟಿತು. ಕಾರ್ಡು ಇಸಿದುಕೊಂಡದ್ದಕ್ಕೆ ತಪ್ಪಾಯಿತೆನ್ನಲು ಅವನ ಬಳಿ ಮಾತಿತ್ತು. ಸುಳ್ಳೇ ಹೊಗಳಿದ್ದಕ್ಕೆ ಏನೆನ್ನಬೇಕೋ ತೋಚಲಿಲ್ಲ. ಅವಳ ಕುರ್ಚಿಯ ಹಿಂದೆ ನಿಂತು ಹೇಳಿದ.

"ಅಕ್ಕ, ಈಗ ನಿಜವಾಗ್ಲೂ ಚೆನ್ನಾಗಿ ಓಡ್ತಿದೆ."

ಅಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಹೇಳ್ಬೇಡ," ಎಂದಳು, "ನಾನೇ ನೋಡ್ಕೋತೀನಿ."